ಕೈಗೆಟಕುವ ಮನೆಗೆ ತಂಪಾದ ಸೂರು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಗೃಹಿಣಿ ಯಾರಿದ್ದಾರೆ? ಎರಡೂ ಕಷ್ಟದ ಕೆಲಸಗಳೇ. ಆದರೆ ಒಂದು ವ್ಯತ್ಯಾಸವಿದೆ ನೋಡಿ. ಮದುವೆಯಲ್ಲಿ ಧಾರೆ ಸೀರೆಯಿಂದ ಹಿಡಿದು ಎಲೆಯ ತುದಿಗೆ ಬಡಿಸುವ ಉಪ್ಪಿನಕಾಯಿಯವರೆಗೆ ಹೆಂಗಸರ ಮಾತು ನಡೆಯುತ್ತದೆ. ಮನೆ ಕಟ್ಟುವಾಗ ಮಾತ್ರ, ‘ದೇವರ ಕೋಣೆ ಎಲ್ಲಿರಲಿ, ಅಡುಗೆಮನೆಗೆ ಎಷ್ಟು ಶೆಲ್ಫು ಬೇಕು’ ಎಂದು ಕೇಳಿಬಿಟ್ಟರೆ ಆಯಿತು. ಗೋಡೆ ಯಾವುದರದ್ದು, ಸೂರು ಎಂಥದ್ದು, ಕಿಟಕಿ ಯಾವ ಕಡೆಗೆ ಎಂಬುದನ್ನೆಲ್ಲ ಯಜಮಾನರೂ ಮೇಸ್ತ್ರಿಯೂ ಜಗಲಿಯ ಮೇಲೆ ಕೂತು ತೀರ್ಮಾನಿಸಿರುತ್ತಾರೆ.

ಆ ಸೂರಿನ ಕೆಳಗೆ ಹಗಲಿಡೀ ಇರುವವರು ಯಾರು? ನೀವು. ಮಧ್ಯಾಹ್ನ ಮೂರು ಗಂಟೆಗೆ ಒಲೆಯ ಮುಂದೆ ನಿಲ್ಲುವವರು ಯಾರು? ನೀವೇ. ರಾತ್ರಿ ಸೆಕೆಗೆ ಮಗು ಅತ್ತಾಗ ಬೀಸಣಿಗೆ ಹಿಡಿದು ಕೂರುವವರೂ ನೀವೇ. ಹಾಗಿರುವಾಗ ಸೂರಿನ ವಿಷಯ ತಿಳಿದುಕೊಳ್ಳುವುದು ನಮ್ಮ ಕೆಲಸವಲ್ಲ ಎಂದರೆ ಹೇಗೆ?

ಕಲಬುರಗಿ, ರಾಯಚೂರು, ಬಳ್ಳಾರಿಯ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹಳೆಯ ಮಾತು. ಈಗ ತಂಪಾದ ಊರುಗಳಲ್ಲೂ ಫ್ಯಾನಿಲ್ಲದೆ ನಿದ್ದೆ ಬರುವುದಿಲ್ಲ. ಭೂಮಿಯ ಬಿಸಿ ಏರುತ್ತಿದೆ, ಮಳೆ ಬಂದರೆ ಒಮ್ಮೆಲೇ ಸುರಿಯುತ್ತದೆ. ಇಂಥ ಕಾಲದಲ್ಲಿ, ಸಾಲ ಸೋಲ ಮಾಡಿ ಕಟ್ಟುವ ಎರಡು ಕೋಣೆಯ ಮನೆಯನ್ನಾದರೂ ವಿಚಾರ ಮಾಡಿ ಕಟ್ಟಬೇಡವೇ? ಖರ್ಚು ಹೆಚ್ಚಿಸದೆ, ಕೆಲವು ಕಡೆ ಖರ್ಚು ತಗ್ಗಿಸಿಯೇ, ಮನೆಯನ್ನು ತಂಪಾಗಿಯೂ ಗಟ್ಟಿಯಾಗಿಯೂ ಮಾಡುವ ಉಪಾಯಗಳಿವೆ. ಅವು ಕೂಡ ನಮ್ಮ ಪಕ್ಕದಲ್ಲೇ ಹುಟ್ಟಿದ ಉಪಾಯಗಳು.

ಸೂರು ಯಾಕೆ ಇಷ್ಟು ಕಾಯುತ್ತದೆ?

ಒಂದು ಅಂತಸ್ತಿನ ಸಣ್ಣ ಮನೆಗೆ ಬಿಸಿಲು ಹೆಚ್ಚಾಗಿ ಬೀಳುವುದು ನೆತ್ತಿಯ ಮೇಲೆ. ನಾಲ್ಕೈದು ಅಂಗುಲ ದಪ್ಪದ ಕಾಂಕ್ರೀಟು ತಾರಸಿ ಬೆಳಗಿನಿಂದ ಸಂಜೆಯವರೆಗೆ ಬಿಸಿಲನ್ನು ಹೀರುತ್ತದೆ. ಸಂಜೆಯ ಮೇಲೆ ಆ ಶಾಖವನ್ನು ಮೆಲ್ಲಗೆ ಕೆಳಗೆ ಬಿಡತೊಡಗುತ್ತದೆ. ದಪ್ಪ ತಳದ ಬಾಣಲೆ ಒಲೆ ಆರಿಸಿದ ಮೇಲೂ ಬಿಸಿಯಾಗಿರುವುದಿಲ್ಲವೇ, ಹಾಗೆಯೇ ಇದು. ಹೊರಗೆ ಗಾಳಿ ತಣ್ಣಗಾಗಿದ್ದರೂ ಒಳಗೆ ಧಗೆ ಇರುವುದು ಇದರಿಂದಲೇ. ಆಗ ಫ್ಯಾನು ಹಾಕಿದರೆ ಅದೇ ಬಿಸಿ ಗಾಳಿ ನಮ್ಮ ಮೇಲೆ ಬೀಸುತ್ತದೆ.

ತಗಡಿನ ಶೀಟಿನ ಮನೆಯದು ಬೇರೆ ಕಥೆ. ಅದು ತೆಳ್ಳಗಿನ ದೋಸೆ ಹಂಚಿನಂತೆ. ಬಿಸಿಲು ಬಂದ ಕೂಡಲೇ ಕಾಯುತ್ತದೆ, ಹೋದ ಕೂಡಲೇ ತಣಿಯುತ್ತದೆ. ರಾತ್ರಿ ಪರವಾಗಿಲ್ಲ ಎನ್ನಬಹುದು. ಹಗಲು ಮಾತ್ರ ಅದರ ಕೆಳಗೆ ಅಡುಗೆ ಮಾಡುವವರ ಪಾಡು ಹೇಳತೀರದು.

ನಮ್ಮ ಹಿರಿಯರ ಮನೆಗಳು ಹೀಗಿರಲಿಲ್ಲ. ಬಯಲು ಸೀಮೆಯ ಮಣ್ಣಿನ ಮಾಳಿಗೆ, ಮಲೆನಾಡಿನ ಎತ್ತರದ ಹಂಚಿನ ಮಾಡು, ಕರಾವಳಿಯ ಜಂಬಿಟ್ಟಿಗೆ ಗೋಡೆ, ನಡುವೆ ಗಾಳಿಯಾಡುವ ತೊಟ್ಟಿ, ಎಲ್ಲವೂ ಆಯಾ ಸೀಮೆಯ ಬಿಸಿಲು ಮಳೆ ನೋಡಿ ಹುಟ್ಟಿದವು. ಹಾಗೆಂದು ಎಲ್ಲರೂ ತೊಟ್ಟಿಮನೆಗೆ ಮರಳಿ ಎನ್ನುವುದಕ್ಕಾಗುತ್ತದೆಯೇ? ಆ ಜಾಗವೂ ಇಲ್ಲ, ಆ ಮರವೂ ಇಲ್ಲ. ಆ ತಿಳಿವಳಿಕೆಯನ್ನು ಮಾತ್ರ ಇಂದಿನ ಸಣ್ಣ ನಿವೇಶನಕ್ಕೆ ಹೊಂದಿಸಿಕೊಳ್ಳಬಹುದು.

‘ಅಸ್ತ್ರ ಒಲೆ’ ಕೊಟ್ಟವರ ಇಟ್ಟಿಗೆ

ಹೊಗೆಯಿಲ್ಲದ ‘ಅಸ್ತ್ರ ಒಲೆ’ ನಿಮಗೆ ನೆನಪಿರಬಹುದು. ನಿಮ್ಮ ತಾಯಿಯ ಮನೆಯಲ್ಲೋ ಅತ್ತೆಯ ಮನೆಯಲ್ಲೋ ಹಿತ್ತಲ ಅಡುಗೆಮನೆಯಲ್ಲಿ ಇದ್ದಿರಲೂಬಹುದು. ಆ ಒಲೆಯನ್ನು ರೂಪಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ಟಾಟಾ ಇನ್‌ಸ್ಟಿಟ್ಯೂಟಿನ, ‘ಅಸ್ತ್ರ’ ಎಂಬ ವಿಭಾಗ. ದೊಡ್ಡ ವಿಜ್ಞಾನ ಹಳ್ಳಿಯವರಿಗೂ ಉಪಯೋಗಕ್ಕೆ ಬರಲಿ ಎಂದು ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು 1974ರಲ್ಲಿ ಇದನ್ನು ಆರಂಭಿಸಿದರು. ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ಅದರ ಪ್ರಯೋಗಗಳು ನಡೆದವು.

ಅದೇ ವಿಭಾಗದ ಪ್ರೊಫೆಸರ್ ಕೆ. ಎಸ್. ಜಗದೀಶ್ ಮತ್ತು ಅವರ ಸಂಗಡಿಗರು ಮನೆ ಕಟ್ಟುವ ವಿಷಯ ಕೈಗೆತ್ತಿಕೊಂಡರು. ಸುಟ್ಟ ಇಟ್ಟಿಗೆಗೆ ಹೊಲದ ಮೇಲ್ಮಣ್ಣು ಬೇಕು, ಭಟ್ಟಿಗೆ ಸೌದೆಯೋ ಕಲ್ಲಿದ್ದಲೋ ಬೇಕು. ಒಲೆಗೇ ಸೌದೆ ಸಿಗದ ಕಾಲದಲ್ಲಿ ಇಟ್ಟಿಗೆಗೆ ಎಲ್ಲಿಂದ ತರುವುದು? ಸುಡದೆ ಇಟ್ಟಿಗೆ ಮಾಡಿದರೆ ಹೇಗೆ ಎಂದು ಅವರು ಯೋಚಿಸಿದರು. ಹಾಗೆ ಬಂದದ್ದು ಒತ್ತಿದ ಮಣ್ಣಿನ ಬ್ಲಾಕು. ಅದನ್ನು ಒತ್ತುವ ಕೈಯಂತ್ರಕ್ಕೆ ‘ಮರ್ದಿನಿ’ ಎಂದು ಹೆಸರಿಟ್ಟರು!

ಇದನ್ನು ಮಾಡುವ ರೀತಿ ಗೃಹಿಣಿಗೆ ಸುಲಭವಾಗಿ ಅರ್ಥವಾಗುವಂಥದ್ದು. ಜರಡಿ ಹಿಡಿದ ಮಣ್ಣು ನೂರು ಪಾಲು ಇದ್ದರೆ ಆರರಿಂದ ಎಂಟು ಪಾಲು ಸಿಮೆಂಟು. ಒಣದಾಗಿಯೇ ಚೆನ್ನಾಗಿ ಬೆರೆಸಿ, ನೀರು ಚಿಮುಕಿಸಿ ಪುಟ್ಟಿನ ಹಿಟ್ಟಿನಂತೆ ಉದುರಾಗಿ ಕಲಸಬೇಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಕೈಗೆ ಅಂಟಬಾರದು. ಈ ಮಣ್ಣನ್ನು ಯಂತ್ರದ ಅಚ್ಚಿಗೆ ತುಂಬಿ, ಉದ್ದನೆಯ ಹಿಡಿಯನ್ನು ಜಗ್ಗಿದರೆ ಚಕ್ಕುಲಿ ಒರಳಿನಲ್ಲಿ ಒತ್ತಿದಂತೆ ಗಟ್ಟಿಯಾದ ಬ್ಲಾಕು ಹೊರಬರುತ್ತದೆ. ನೆರಳಿನಲ್ಲಿ ಪೇರಿಸಿಟ್ಟು ಮೂರು ನಾಲ್ಕು ವಾರ ತೇವ ಆರದಂತೆ ನೀರು ಚಿಮುಕಿಸಿದರೆ ಗೋಡೆಗೆ ಸಿದ್ಧ. ಒಂದೊಂದು ಬ್ಲಾಕೂ ಸುಮಾರು ಎರಡೂವರೆ ಸುಟ್ಟ ಇಟ್ಟಿಗೆಯಷ್ಟು ದೊಡ್ಡದು. ಆದ್ದರಿಂದ ಕಟ್ಟುವಾಗ ಗಾರೆಯೂ ಕಡಿಮೆ ಸಾಕು. ಮುಖ ನುಣುಪಾಗಿರುವುದರಿಂದ ಬೇಡವಾದವರು ಗಿಲಾಯಿಯನ್ನೂ ಬಿಡಬಹುದು. ಉಳಿತಾಯವಿರುವುದು ಅಲ್ಲಿಯೇ.

‘ಯಾವ ಮಣ್ಣಾದರೂ ಆಗುತ್ತದೆಯೇ?’ ಎಂದು ಕೇಳುತ್ತೀರಿ. ಇಲ್ಲ. ಎರೆ ಮಣ್ಣು ಇದಕ್ಕೆ ಆಗಿಬರುವುದಿಲ್ಲ. ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಮರಳು ಹೆಚ್ಚಾಗಿದ್ದು ಜೇಡಿ ಸ್ವಲ್ಪವೇ ಇರುವ ಕೆಂಪು ಮಣ್ಣು ಉತ್ತಮ. ಮನೆಯಲ್ಲೇ ಪರೀಕ್ಷೆ ಮಾಡಿ ನೋಡಿ. ಉಪ್ಪಿನಕಾಯಿಯ ಹಳೆಯ ಗಾಜಿನ ಸೀಸೆಯಲ್ಲಿ ಮೂರನೆಯ ಒಂದು ಪಾಲು ಮಣ್ಣು, ಮಿಕ್ಕದ್ದಕ್ಕೆ ನೀರು, ಒಂದು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಬಿಡಿ. ಅಡಿಯಲ್ಲಿ ಮರಳು, ಅದರ ಮೇಲೆ ನಯವಾದ ಹುಡಿ, ಎಲ್ಲಕ್ಕಿಂತ ಮೇಲೆ ಜೇಡಿ ಹೀಗೆ ಪದರ ಪದರವಾಗಿ ನಿಲ್ಲುತ್ತದೆ. ಮೇಲಿನ ಜೇಡಿಯ ಪದರ ದಪ್ಪವಾಗಿದ್ದರೆ ಮಣ್ಣಿಗೆ ಮರಳೋ ಕಲ್ಲುಪುಡಿಯೋ ಬೆರೆಸಬೇಕು. ಇದು ಅಂದಾಜಿಗೆ ಮಾತ್ರ. ಬ್ಲಾಕು ಒತ್ತಿಸುವ ಮುಂಚೆ ತಿಳಿದವರಿಗೆ ಮಣ್ಣನ್ನು ತೋರಿಸಿ.

ಬೆಂಗಳೂರಿನಲ್ಲಿಯೂ ಹೊರ ಊರುಗಳಲ್ಲಿಯೂ ಈ ಬ್ಲಾಕಿನ ಸಾವಿರಾರು ಮನೆಗಳು ಎದ್ದಿವೆ. ಎರಡು ಅಂತಸ್ತಿನವೂ ಇವೆ.

ಬೇಕರ್ ಸಾಹೇಬರ ಇಲಿಬೋನು

ಇನ್ನು ಕೇರಳಕ್ಕೆ ಹೋಗೋಣ. ಲಾರಿ ಬೇಕರ್ ಎಂಬ ಹೆಸರು ಕೇಳಿದ್ದೀರಾ? 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಈ ವಾಸ್ತುಶಿಲ್ಪಿ ಯುದ್ಧದ ಕಾಲದಲ್ಲಿ ಮುಂಬಯಿಯಲ್ಲಿ ಹಡಗಿಗೆ ಕಾಯುತ್ತಿದ್ದಾಗ ಗಾಂಧೀಜಿಯವರನ್ನು ಕಂಡರು. ಮುಂದೆ ಭಾರತಕ್ಕೆ ಮರಳಿ ಬಂದು, ಕೇರಳದ ವೈದ್ಯೆ ಎಲಿಜಬೆತ್ ಅವರನ್ನು ಮದುವೆಯಾಗಿ, ಹಿಮಾಲಯದ ಪಿತೋರಗಢದಲ್ಲಿ ಅನೇಕ ವರ್ಷ ಇಬ್ಬರೂ ದುಡಿದರು. 1963ರಲ್ಲಿ ಕೇರಳಕ್ಕೆ ಬಂದು, ಆಮೇಲೆ ತಿರುವನಂತಪುರದಲ್ಲಿ ನೆಲೆಸಿದರು. ಮೀನುಗಾರರಿಗೂ ಮೇಷ್ಟರಿಗೂ ಕಡಿಮೆ ಖರ್ಚಿನ ಮನೆ ಕಟ್ಟಿಕೊಟ್ಟರು. 1990ರಲ್ಲಿ ಪದ್ಮಶ್ರೀ ಬಂತು. 2007ರಲ್ಲಿ ತೀರಿಕೊಂಡರು. ಐದು ಮೈಲಿಯ ಸುತ್ತಿನಲ್ಲಿ ಸಿಗುವ ಸಾಮಗ್ರಿಯಿಂದ ಮನೆ ಕಟ್ಟಬೇಕು ಎಂಬ ಗಾಂಧೀಜಿಯವರ ಮಾತನ್ನು ಅವರು ಬಾಳಿನುದ್ದಕ್ಕೂ ನೆನೆಯುತ್ತಿದ್ದರು.

ಅವರ ಎರಡು ಯುಕ್ತಿಗಳು ನಮ್ಮ ಊರಿನಲ್ಲಿಯೂ ಬಳಸುವಂಥವು.

ಮೊದಲನೆಯದು ‘ಇಲಿಬೋನು’ ಗೋಡೆ. ಇಟ್ಟಿಗೆಯನ್ನು ಮಲಗಿಸುವ ಬದಲು ಅಂಚಿನ ಮೇಲೆ ನಿಲ್ಲಿಸಿ ಕಟ್ಟುತ್ತಾರೆ. ಹೊರಗಿನ ಸಾಲಿಗೂ ಒಳಗಿನ ಸಾಲಿಗೂ ನಡುವೆ ಬೋನಿನಂತೆ ಖಾಲಿ ಜಾಗ ಉಳಿಯುತ್ತದೆ. ಗೋಡೆಯ ದಪ್ಪ ಮಾಮೂಲಿನಂತೆ ಒಂಬತ್ತು ಅಂಗುಲವೇ. ಇಟ್ಟಿಗೆ ಮಾತ್ರ ಸುಮಾರು ಕಾಲು ಭಾಗ ಕಡಿಮೆ ಸಾಕು. ಒಳಗೆ ನಿಂತ ಗಾಳಿ ಬಿಸಿಲಿನ ಕಾವನ್ನು ತಡೆಯುತ್ತದೆ. ಕಾಫಿ ಆರದಂತೆ ಥರ್ಮಾಸು ಕಾಯುತ್ತದಲ್ಲ, ಸ್ವಲ್ಪ ಹಾಗೆಯೇ ಎನ್ನಿ.

ಎರಡನೆಯದು ಹಂಚು ಹುದುಗಿಸಿದ ತಾರಸಿ. ತಾರಸಿಯ ಕೆಳ ಅರ್ಧದಲ್ಲಿ ಎಳೆತವನ್ನು ತಡೆಯುವುದು ಕಬ್ಬಿಣದ ಸರಳು. ಅಲ್ಲಿರುವ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲ. ಆದ್ದರಿಂದ ಸರಳುಗಳ ನಡುವಿನ ಚೌಕದಲ್ಲಿ ಹಳೆಯ ಮಂಗಳೂರು ಹಂಚುಗಳನ್ನು ಎರಡೆರಡಾಗಿ ಇಟ್ಟು ಮೇಲೆ ಕಾಂಕ್ರೀಟು ಹಾಕುತ್ತಾರೆ. ಸಿಮೆಂಟು ಉಳಿಯುತ್ತದೆ, ತಾರಸಿಯ ಭಾರ ಇಳಿಯುತ್ತದೆ, ಹಂಚುಗಳ ನಡುವಿನ ಗಾಳಿ ಶಾಖವನ್ನು ತಡೆಯುತ್ತದೆ. ಕೆಳಗಿನಿಂದ ನೋಡಿದರೆ ಕೆಂಪು ಹಂಚಿನ ಚಿತ್ತಾರ ಕಾಣುತ್ತದೆ. ಆದರೆ ಒಂದು ಎಚ್ಚರಿಕೆ. ಸರಳಿನ ಲೆಕ್ಕವನ್ನು ಇಂಜಿನಿಯರೇ ಹಾಕಿಕೊಡಬೇಕು. ‘ನಾನು ನೋಡಿದ್ದೀನಿ, ಮಾಡ್ತೀನಿ ಬಿಡಮ್ಮಾ’ ಎಂಬ ಮೇಸ್ತ್ರಿಯ ಮಾತನ್ನು ತಾರಸಿಯ ವಿಷಯದಲ್ಲಿ ನಂಬಬೇಡಿ.

ಸಿಮೆಂಟು ಉಳಿದರೆ ನಮ್ಮ ದುಡ್ಡು ಮಾತ್ರ ಉಳಿಯುವುದಿಲ್ಲ. ಇಡೀ ಪ್ರಪಂಚದಲ್ಲಿ ಮನುಷ್ಯರಿಂದ ಗಾಳಿ ಸೇರುವ ಇಂಗಾಲದ ಡೈಆಕ್ಸೈಡಿನಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನ ತಯಾರಿಕೆಯಿಂದಲೇ ಬರುತ್ತದೆ. ಭೂಮಿಯ ಬಿಸಿ ಏರಿಸುವುದು ಅದೇ ಅನಿಲ.

ತಲೆಗೆ ಗೊರಬು, ಕಾಲಿಗೆ ಮೆಟ್ಟು

ತಂಪಾದರೆ ಸಾಲದು, ಮನೆ ಮಳೆಗೂ ನಿಲ್ಲಬೇಕು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆಯನ್ನು ಆ ಕಡೆಯ ಓದುಗರು ಮರೆತಿರಲಾರರು. ಎಷ್ಟೋ ಮಣ್ಣಿನ ಗೋಡೆಗಳು ನೆನೆದು ಕುಸಿದವು. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ತುಂಬಿ ಹರಿದಾಗ ಮತ್ತೆ ಅದೇ ಗೋಳು. 2018ರಲ್ಲಿ ಕೊಡಗಿನಲ್ಲಿ ಗುಡ್ಡವೇ ಜಾರಿತು.

ಬರಿಯ ಮಣ್ಣಿನ ಗೋಡೆಗೆ ನೀರೇ ಶತ್ರು. ಮಳೆಯಲ್ಲಿ ಗದ್ದೆಗೆ ಹೋಗುವವರು ತಲೆಗೆ ಗೊರಬು ಹಾಕಿಕೊಳ್ಳುತ್ತಾರಲ್ಲ, ಹಾಗೆ ಗೋಡೆಗೂ ತಲೆಯ ಮೇಲೆ ಸೂರು ಹೊರಚಾಚಿರಬೇಕು. ಎರಡು ಅಡಿಯ ಚಾಚು ಇದ್ದರೆ ಮಳೆಯ ಎರಚಲೂ ತಪ್ಪಿತು, ಕಿಟಕಿಗೆ ನೆರಳೂ ಆಯಿತು. ಕಾಲಿಗೆ ಮೆಟ್ಟು ಇದ್ದಂತೆ ಕಲ್ಲಿನ ಎತ್ತರದ ಅಡಿಪಾಯ ಬೇಕು. ನೆಲದಿಂದ ಎರಡು ಅಡಿಯಾದರೂ ಇರಲಿ. ಹೊಳೆ ಸಮೀಪವಿದ್ದರೆ ಹಿಂದಿನ ನೆರೆಯ ನೀರು ಎಲ್ಲಿಯವರೆಗೆ ಬಂದಿತ್ತೆಂದು ಊರಿನ ಹಿರಿಯರನ್ನು ಕೇಳಿ ಅದಕ್ಕಿಂತ ಮೇಲೆ ನೆಲ ಹಾಕಿಸಿ. ಬಾಗಿಲು-ಕಿಟಕಿಗಳ ತಲೆಯ ಮಟ್ಟದಲ್ಲಿ ಮನೆಯ ಸುತ್ತ ಕಾಂಕ್ರೀಟಿನ ಒಂದು ಪಟ್ಟಿ ಓಡಿದರೆ ನಾಲ್ಕು ಗೋಡೆಯೂ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಎಲ್ಲಿ ಉಳಿಸಿದರೂ ಇಲ್ಲಿ ಉಳಿಸಬೇಡಿ.

ಕಟ್ಟಿದ ಮನೆಯಲ್ಲಿ ಇರುವವರಿಗೆ

‘ಇದೆಲ್ಲ ಹೊಸದಾಗಿ ಕಟ್ಟುವವರಿಗಾಯ್ತು, ನಾವು ಇರೋ ಮನೆಗೆ ಏನು ಮಾಡೋಣ?’ ಎನ್ನುವವರೇ ಹೆಚ್ಚು. ಅವರಿಗೂ ಉಪಾಯವಿದೆ. ಅದು ಎಲ್ಲಕ್ಕಿಂತ ಅಗ್ಗದ್ದು: ತಾರಸಿಗೆ ಬಿಳಿ ಸುಣ್ಣ.

ಗುಜರಾತಿನ ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಗಾಳಿಗೆ ಮಾಮೂಲಿಗಿಂತ ಸಾವಿರದ ಮುನ್ನೂರಕ್ಕೂ ಹೆಚ್ಚು ಜನ ಬಲಿಯಾದರು. ಆ ನಗರ 2013ರಲ್ಲಿ ಬಿಸಿಲಿಗಾಗಿಯೇ ಒಂದು ಯೋಜನೆ ಮಾಡಿತು. 2017ರಲ್ಲಿ ಬಡವರ ಬಡಾವಣೆಗಳಲ್ಲಿ ಸುಮಾರು 3,000 ಸೂರುಗಳಿಗೆ ಬಿಳಿ ಬಳಿಸಿತು. ಅಲ್ಲಿಯ ‘ಸೇವಾ’ ಮಹಿಳಾ ಸಂಘದಿಂದ 1994ರಲ್ಲಿ ಹುಟ್ಟಿದ ಮಹಿಳಾ ಹೌಸಿಂಗ್ ಟ್ರಸ್ಟ್ ಇಂಥ ಕೆಲಸಗಳನ್ನು ಹೆಂಗಸರ ಕೈಯಲ್ಲೇ ಮಾಡಿಸುತ್ತ ಬಂದಿದೆ. ನೆರೆಯ ತೆಲಂಗಾಣ 2023ರಲ್ಲಿ ತಂಪು ಸೂರಿಗಾಗಿ ಸರ್ಕಾರಿ ನೀತಿಯನ್ನೇ ತಂದಿತು. ಬಿಳಿಯ ಮೈ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಒಳಗೆ ಎರಡರಿಂದ ಐದು ಡಿಗ್ರಿಯವರೆಗೆ ಕಾವು ಇಳಿಯಬಹುದು.

ತಾರಸಿಯ ಸುಣ್ಣ ಮಾಡುವ ವಿಧಾನ:

ಬೇಕಾಗುವ ಸಾಮಾನು: ಸುಣ್ಣದ ಹರಳು 5 ಕಿಲೊ, ನೀರು 25 ಲೀಟರು, ಗೋಂದು 100 ಗ್ರಾಂ.

ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರಿಟ್ಟು, ಅದಕ್ಕೆ ಸುಣ್ಣದ ಹರಳನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಕೊತಕೊತನೆ ಕುದಿಯುತ್ತದೆ, ದೂರ ನಿಲ್ಲಿ. ಮಕ್ಕಳನ್ನು ಹತ್ತಿರ ಬಿಡಬೇಡಿ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರು ಚೀಲ ಇರಲಿ. ಕಣ್ಣಿಗೆ ಸಿಡಿದರೆ ಕೂಡಲೇ ತುಂಬ ನೀರಿನಿಂದ ತೊಳೆದು ಡಾಕ್ಟರ ಬಳಿಗೆ ಓಡಿ. ಕೋಲಿನಿಂದ ಕಲಕಿ ಒಂದು ಹಗಲು ಒಂದು ರಾತ್ರಿ ಬಿಟ್ಟು, ಒರಟು ಬಟ್ಟೆಯಲ್ಲಿ ಸೋಸಿ. ಬಿಸಿನೀರಿನಲ್ಲಿ ಕರಗಿಸಿದ ಗೋಂದನ್ನು ಸೇರಿಸಿ. ತಾರಸಿಯನ್ನು ಗುಡಿಸಿ, ಪಾಚಿ ಉಜ್ಜಿ ತೆಗೆದು, ಬಿರುಕು ಮುಚ್ಚಿ, ಸ್ವಲ್ಪ ತೇವ ಮಾಡಿ ಬೆಳಗಿನ ಹೊತ್ತು ಬಳಿಯಿರಿ. ಒಂದು ಒಣಗಿದ ಮೇಲೆ ಇನ್ನೊಂದು, ಹೀಗೆ ಎರಡು ಮೂರು ಸಲ ಬಳಿಯಬೇಕು. ವರ್ಷಕ್ಕೊಮ್ಮೆ, ಶಿವರಾತ್ರಿಯ ಹೊತ್ತಿಗೆ ಮುಗಿಸಿಕೊಂಡರೆ ಬೇಸಿಗೆಗೆ ಸಿದ್ಧ.

ಕಲ್ನಾರಿನ ಶೀಟಿನ ಮನೆಯವರು ಒಂದು ಮಾತು ನೆನಪಿಡಿ. ಆ ಶೀಟನ್ನು ಒಣದಾಗಿ ಉಜ್ಜುವುದು, ಕೊರೆಯುವುದು ಬೇಡ. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಅದರ ಮೇಲೆ ಕಾಲಿಡುವುದೂ ಅಪಾಯ. ಅಂಥ ಮನೆಗೆ ಪಶ್ಚಿಮದ ಕಡೆ ಚಪ್ಪರ ಹಾಕಿ ಹೀರೆ, ಸೋರೆ, ಬಸಳೆ ಹಬ್ಬಿಸಿ. ಇಳಿಬಿಸಿಲೂ ತಪ್ಪುತ್ತದೆ, ಸಾರಿಗೂ ಆಯಿತು. ಜಾಗವಿದ್ದರೆ ಒಂದು ಹೊಂಗೆ ನೆಡಿ.

ಸೂರಿನ ನೀರನ್ನೂ ಬಿಡಬೇಡಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ನಿಮ್ಮ ಸೂರು 30 ಚದರ ಮೀಟರು, ಊರಿನ ಮಳೆ ವರ್ಷಕ್ಕೆ 600 ಮಿಲಿಮೀಟರು ಎಂದಿಟ್ಟುಕೊಳ್ಳಿ. ಹದಿನೆಂಟು ಸಾವಿರ ಲೀಟರು ಬೀಳುತ್ತದೆ. ಅದರಲ್ಲಿ ಐದನೆಯ ಒಂದು ಪಾಲು ಹೋಯಿತೆಂದರೂ ಹದಿನಾಲ್ಕು ಸಾವಿರ ಚಿಲ್ಲರೆ ಉಳಿಯಿತು. ದಿನಕ್ಕೆ 40 ಲೀಟರಿನಂತೆ ಹತ್ತಿರ ಹತ್ತಿರ ಒಂದು ವರ್ಷದ ನೀರು! ಅಷ್ಟು ದೊಡ್ಡ ತೊಟ್ಟಿ ಆಗದಿದ್ದರೆ ಒಂದು ಡ್ರಮ್ಮಾದರೂ ಇಡಿ. ಮೊದಲ ಮಳೆಯ ನೀರಿನಲ್ಲಿ ಧೂಳೂ ಸುಣ್ಣವೂ ಇರುತ್ತದೆ, ಅದನ್ನು ಹರಿಯಬಿಡಿ.

ದುಡ್ಡು ಮತ್ತು ಹೆಸರು

2016ರಲ್ಲಿ ಆರಂಭವಾದ ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಗೆ 1 ಲಕ್ಷ 20 ಸಾವಿರ ರೂಪಾಯಿ ನೆರವು ಎಂದು ಗೊತ್ತುಮಾಡಿದರು. ಮನೆ ಕನಿಷ್ಠ 25 ಚದರ ಮೀಟರು, ಅದರಲ್ಲಿ ಅಡುಗೆಯ ಜಾಗವೂ ಸೇರಿ. ಪಟ್ಟಣದವರಿಗೆ ಬೇರೆಯ ಯೋಜನೆ 2015ರಲ್ಲಿ ಬಂತು, ಅದರ ಎರಡನೆಯ ಸುತ್ತು 2024ರಲ್ಲಿ ಆರಂಭವಾಯಿತು. ಈ ಹಣಕ್ಕೆ ಸ್ವಂತದ್ದನ್ನೂ ಸೇರಿಸದೆ ಮನೆ ಏಳುವುದಿಲ್ಲ, ನಿಮಗೂ ಗೊತ್ತು. ಹಾಗಾಗಿಯೇ ಗೋಡೆಯಲ್ಲಿ ಉಳಿದ ಕಾಲು ಭಾಗ ಇಟ್ಟಿಗೆ, ಬಿಟ್ಟ ಗಿಲಾಯಿ, ತಗ್ಗಿದ ಸಿಮೆಂಟು ಲೆಕ್ಕಕ್ಕೆ ಬರುತ್ತವೆ. ಒಂದು ವಿಷಯ ಮಾತ್ರ ಮರೆಯಬೇಡಿ. ಈ ಯೋಜನೆಗಳಲ್ಲಿ ಮನೆಯನ್ನು ಹೆಂಗಸಿನ ಹೆಸರಿಗೆ ಅಥವಾ ಗಂಡ-ಹೆಂಡಿರ ಜಂಟಿ ಹೆಸರಿಗೆ ಮಾಡುವುದಕ್ಕೆ ಒತ್ತು ಕೊಟ್ಟಿದ್ದಾರೆ. ಕಾಗದದಲ್ಲಿ ನಿಮ್ಮ ಹೆಸರಿದ್ದ ಮೇಲೆ ನಕ್ಷೆಯ ಬಗ್ಗೆ ನಾಲ್ಕು ಮಾತು ಕೇಳುವ ಹಕ್ಕೂ ನಿಮ್ಮದೇ.

‘ಮಣ್ಣಿನ ಬ್ಲಾಕಿನ ಮನೆ ಅಂದ್ರೆ ಜನ ಏನಂತಾರೆ? ಹೆಣ್ಣು ಕೊಡ್ತಾರಾ?’ ಎಂದು ಮನೆಯ ಹಿರಿಯರು ಅನ್ನಬಹುದು. ತಾರಸಿ ಮನೆಗೆ ಊರಿನಲ್ಲಿ ಒಂದು ಮರ್ಯಾದೆ ಇದೆ, ಸುಳ್ಳಲ್ಲ. ಅವರೊಂದಿಗೆ ವಾದಕ್ಕೆ ನಿಲ್ಲಬೇಡಿ. ಕಟ್ಟಿರುವ ಒಂದು ಮನೆಯನ್ನು ಮೇ ತಿಂಗಳ ಮಧ್ಯಾಹ್ನ ತೋರಿಸಿಕೊಂಡು ಬನ್ನಿ. ಅರ್ಧ ಗಂಟೆ ಒಳಗೆ ಕೂತು ಬಂದರೆ ಅರ್ಧ ಅನುಮಾನ ಅಲ್ಲೇ ಕಳೆಯುತ್ತದೆ. ನಿಜವಾದ ತೊಡಕು ಬೇರೆಯದು. ಈ ಕೆಲಸ ಬಲ್ಲ ಗಾರೆಯವರು ಎಲ್ಲ ಊರಿನಲ್ಲಿ ಇಲ್ಲ. ಹೊಸಬರು ಕೆಟ್ಟದಾಗಿ ಕಟ್ಟಿದರೆ ಉಳಿತಾಯ ಹೋಗಿ ನಷ್ಟವೇ ಆಗುತ್ತದೆ. ನಿಮ್ಮ ಜಿಲ್ಲೆಯ ನಿರ್ಮಿತಿ ಕೇಂದ್ರದಲ್ಲಿ ಮೊದಲು ವಿಚಾರಿಸಿ. ಬಲ್ಲವರು ಸಿಗದಿದ್ದರೆ ಇಲಿಬೋನು, ಹಂಚಿನ ತಾರಸಿಗಳ ಹಟ ಬಿಟ್ಟು, ಮಾಮೂಲಿ ಮನೆಗೇ ಎದುರುಬದುರು ಕಿಟಕಿ, ಅಗಲ ಸಜ್ಜ, ಬಿಳಿ ತಾರಸಿ ಮಾಡಿಸಿದರೂ ಲಾಭವೇ.

ಮೇಸ್ತ್ರಿಯನ್ನು ಕೇಳಬೇಕಾದ ಪ್ರಶ್ನೆಗಳು

• ಅಡುಗೆಮನೆಯ ಕಿಟಕಿಯ ಎದುರು ಗಾಳಿ ಹೊರಹೋಗಲು ಇನ್ನೊಂದು ಕಿಟಕಿಯೋ ಬಾಗಿಲೋ ಇದೆಯೇ? ಒಲೆಯ ಮೇಲೆ ಹೊಗೆಗಂಡಿ ಇದೆಯೇ?

• ಪಶ್ಚಿಮದ ಗೋಡೆಗೆ ಮಲಗುವ ಕೋಣೆ ಬಂದಿದೆಯೇ? ಬಂದಿದ್ದರೆ ಅಲ್ಲಿ ಬಚ್ಚಲನ್ನೋ ಉಗ್ರಾಣವನ್ನೋ ಇಡಬಹುದೇ?

• ಎಲ್ಲ ಕಿಟಕಿಗೂ ಎರಡು ಅಡಿಯ ಸಜ್ಜ ಇದೆಯೇ?

• ನೆಲ ರಸ್ತೆಗಿಂತ ಎಷ್ಟು ಎತ್ತರ? ಮುಂದೆ ರಸ್ತೆಗೆ ಮತ್ತೆ ಡಾಂಬರು ಹಾಕಿ ಎತ್ತರಿಸಿದರೆ ನೀರು ಒಳಗೆ ಬರುವುದೇ?

• ತಾರಸಿಯ ನೀರು ಯಾವ ಮೂಲೆಗೆ ಹರಿಯುತ್ತದೆ? ಅಲ್ಲಿ ತೊಟ್ಟಿಗೆ ಜಾಗ ಬಿಟ್ಟಿದ್ದಾರೆಯೇ?

• ಬ್ಲಾಕು, ಗೋಡೆ, ತಾರಸಿಗೆ ಎಷ್ಟು ದಿನ ನೀರು ಹಾಕುತ್ತಾರೆ? ಯಾರು ಹಾಕುತ್ತಾರೆ?

ಕೊನೆಯ ಪ್ರಶ್ನೆಯ ಉತ್ತರ ನಿಮಗೇ ಗೊತ್ತು. ಹೆಚ್ಚಿನ ಮನೆಗಳಲ್ಲಿ ಬೆಳಿಗ್ಗೆ ಸಂಜೆ ಕೊಡ ಹೊತ್ತು ಗೋಡೆಗೆ ನೀರು ಹಾಕುವುದು ಮನೆಯ ಹೆಂಗಸರೇ. ನೀರು ಹಾಕುವ ಕೈಗೆ ನಕ್ಷೆ ಹಿಡಿಯುವುದೇನೂ ಭಾರವಲ್ಲ. ಪಾಯ ತೋಡುವ ಮುಂಚೆ ಒಂದು ಸಂಜೆ ಈ ಪುಟವನ್ನು ಮುಂದಿಟ್ಟುಕೊಂಡು ನಿಮ್ಮವರ ಜೊತೆ ಕೂತು ಮಾತಾಡಿ. ತಾರಸಿ ಬಿದ್ದ ಮೇಲೆ ಆಡಿದ ಮಾತಿಗೆ ಬೆಲೆಯಿಲ್ಲ.